ಗೇಟಿನಾಚೆಗೂ ಕೇಳಬೇಕು ಮಗುವಿನ ಮಾತು

ಬಾಲಮಂದಿರ, ಅನಾಥಾಶ್ರಮ, ಹಾಸ್ಟೆಲ್, ಪೋಷಕ ಕುಟುಂಬಗಳಲ್ಲಿ ಬೆಳೆಯುವ ಮಕ್ಕಳನ್ನು ದೌರ್ಜನ್ಯದಿಂದ ಕಾಪಾಡಲು ನಾವೆಲ್ಲ ತಿಳಿದಿರಬೇಕಾದ ಸಂಗತಿಗಳು

ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹಕ್ಕೆ ಸರ್ಕಾರದ ಅನುದಾನವಿತ್ತು. ಕಡತಗಳಿದ್ದವು, ಅಧಿಕಾರಿಗಳು ಬಂದು ಹೋಗುತ್ತಿದ್ದರು. ಒಳಗಿದ್ದ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಮಾತ್ರ ಹೊರಗೆ ಬರಲಿಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡ ಆ ರಾಜ್ಯದ ಇಂಥ ಸಂಸ್ಥೆಗಳ ಸಾಮಾಜಿಕ ಪರಿಶೋಧನೆಗೆ ಹೋದಾಗ ಅಲ್ಲಿದ್ದವರ ಜೊತೆ ಕೂತು ಮಾತಾಡಿತು. ಅದರ ವರದಿಯಿಂದಾಗಿ 2018ರಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ಮೂವತ್ತಕ್ಕೂ ಹೆಚ್ಚು ಬಾಲಕಿಯರ ಮೇಲೆ ದೌರ್ಜನ್ಯ ನಡೆದಿತ್ತು. ಸುಪ್ರೀಂ ಕೋರ್ಟ್ ವಿಚಾರಣೆಯನ್ನು ದೆಹಲಿಗೆ ವರ್ಗಾಯಿಸಿತು. 2020ರಲ್ಲಿ 19 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಅವರಲ್ಲಿ ಮಕ್ಕಳ ಕಲ್ಯಾಣ ಸಮಿತಿಯಲ್ಲಿದ್ದವರೂ ಇದ್ದರು, ಜಿಲ್ಲೆಯ ಮಕ್ಕಳ ರಕ್ಷಣಾಧಿಕಾರಿಯೂ ಇದ್ದ.

ಈ ಪ್ರಕರಣದಿಂದ ನಾವು ಕಲಿಯಬೇಕಾದದ್ದು ಇಷ್ಟು. ಕಾಯ್ದೆ, ಸಮಿತಿ, ಅನುದಾನ ಎಲ್ಲ ಇದ್ದೂ ಮಗು ಅಸುರಕ್ಷಿತವಾಗಿರಬಹುದು. ಕಾಯಬೇಕಾದವರಲ್ಲೇ ಕೆಲವರು ಕೆಟ್ಟವರಿರಬಹುದು. ಹಾಗಾಗಿ ಮಗುವಿನ ಸುರಕ್ಷತೆಯನ್ನು ಯಾರೋ ಒಬ್ಬರ ಒಳ್ಳೆಯತನಕ್ಕೆ ಬಿಟ್ಟು ಕೂರಲಾಗದು. ಯಾರ ಅಪ್ಪಣೆಯನ್ನೂ ಕೇಳದೆ ಮಗು ಮಾತಾಡಬಲ್ಲ ಹಿರಿಯರು ಸಂಸ್ಥೆಯ ಹೊರಗೆ ಎಷ್ಟು ಮಂದಿ ಇದ್ದಾರೆ ಎಂಬುದೇ ಸುರಕ್ಷತೆಯ ನಿಜವಾದ ಅಳತೆ. ಅಂಥ ಹಿರಿಯರಲ್ಲಿ ಒಬ್ಬರಾಗುವುದು ಹೇಗೆ ಎಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಅಪಾಯ ಹುಟ್ಟುವುದು ಎಲ್ಲಿ

ಮನೆಯಲ್ಲಿರುವ ಮಗುವಿಗೆ ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಶಾಲೆಯ ಟೀಚರ್ ಹೀಗೆ ಹತ್ತಾರು ಜನರಿರುತ್ತಾರೆ. ಒಬ್ಬರು ಹೊಡೆದರೆ ಇನ್ನೊಬ್ಬರ ಹತ್ತಿರ ಓಡಬಹುದು. ವಸತಿ ಸಂಸ್ಥೆಯಲ್ಲಿ ಊಟ ಬಡಿಸುವವರು, ಫೀಸು ಕಟ್ಟುವವರು, ಫೋನು ಕೊಡುವವರು, ರಜೆಗೆ ಊರಿಗೆ ಬಿಡುವವರು ಎಲ್ಲ ಒಂದೇ ಕಡೆಯವರು. ಅವರಲ್ಲೊಬ್ಬರು ಕೆಟ್ಟದಾಗಿ ನಡೆದುಕೊಂಡರೆ ಮಗು ದೂರು ಹೇಳಬೇಕಾದದ್ದೂ ಅವರಿಗೇ. ಹೇಳಿದರೆ ಊಟ ನಿಂತೀತು, ಓದು ನಿಂತೀತು, ತಂಗಿಯನ್ನು ಬೇರೆ ಕಡೆ ಕಳಿಸಿಯಾರು ಎಂಬ ಭಯ ಮಗುವಿನ ಬಾಯಿ ಕಟ್ಟುತ್ತದೆ. ಎಷ್ಟೋ ಮಕ್ಕಳಿಗೆ ತಮಗಾಗುತ್ತಿರುವುದು ತಪ್ಪು ಎಂದೇ ತಿಳಿದಿರುವುದಿಲ್ಲ. ಹಿಂದೆ ಮನೆಯಲ್ಲೂ ಪೆಟ್ಟು, ಹಸಿವು ಉಂಡು ಬಂದವರಿಗೆ ಇದೂ ಹಾಗೆಯೇ ಅನ್ನಿಸಿಬಿಡುತ್ತದೆ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಸಂಸ್ಥೆಗಳಲ್ಲಿದ್ದ ಮಕ್ಕಳೂ ಅದರಲ್ಲಿದ್ದರು. ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಹೆಚ್ಚಿನವರು ಅದನ್ನು ಯಾರಿಗೂ ತಿಳಿಸಿರಲಿಲ್ಲ. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಮಗು ನಂಬಿದವರು.

ಇಂಥವರು ನೋಡಲು ಕ್ರೂರಿಗಳಂತೆ ಇರುವುದಿಲ್ಲ. ಎಲ್ಲರ ಮೆಚ್ಚಿನ ವಾರ್ಡನ್, ಭಾನುವಾರ ಪಾಠ ಹೇಳಲು ಬರುವ ಸ್ವಯಂಸೇವಕ, ಉದಾರ ದಾನಿ, ಡ್ರೈವರ್, ಅಡುಗೆಯವರು ಯಾರೂ ಆಗಿರಬಹುದು. ಮೊದಲು ಒಂದು ಮಗುವನ್ನು ಆರಿಸಿಕೊಂಡು ಅದಕ್ಕೆ ಮಾತ್ರ ಚಾಕೊಲೇಟು, ಫೋನು, ವಿಶೇಷ ಸಲುಗೆ ಕೊಡುತ್ತಾರೆ. ಆಮೇಲೆ ಕಾಲು ಒತ್ತಿಸಿಕೊಳ್ಳುವುದು, ತಮ್ಮ ಕೋಣೆಯಲ್ಲಿ ಮಲಗಿಸಿಕೊಳ್ಳುವುದು, ‘ಇದು ನಮ್ಮಿಬ್ಬರಲ್ಲೇ ಇರಲಿ’ ಎನ್ನುವುದು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಆಗುವ ಹಿಂಸೆಯನ್ನೂ ಮರೆಯಬಾರದು. ಎಲ್ಲ ವಯಸ್ಸಿನವರನ್ನೂ ಒಂದೇ ಹಾಲ್‌ನಲ್ಲಿ ಮಲಗಿಸಿ ರಾತ್ರಿ ನೋಡಿಕೊಳ್ಳಲು ಒಬ್ಬರೂ ಇಲ್ಲದ ಕಡೆ ಇದು ನಡೆಯುತ್ತದೆ.

ಮಾತು ಬಾರದ, ಕಿವಿ ಕೇಳದ, ಬುದ್ಧಿಮಾಂದ್ಯತೆಯಿರುವ ಮಕ್ಕಳ ಬಗ್ಗೆ ಇಮ್ಮಡಿ ಎಚ್ಚರ ಬೇಕು. ಸ್ನಾನ, ಬಟ್ಟೆ, ಶೌಚ ಎಲ್ಲಕ್ಕೂ ಅವರು ಇನ್ನೊಬ್ಬರನ್ನು ಆಶ್ರಯಿಸಿರುತ್ತಾರೆ. ಆದದ್ದನ್ನು ಹೇಳುವ ದಾರಿಯೂ ಅವರಿಗೆ ಕಷ್ಟದ್ದು.

ಯಾವ ಸಂಸ್ಥೆಗೆ ಯಾವ ಕಾಯ್ದೆ

ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಎಲ್ಲ ಸಂಸ್ಥೆಗಳೂ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಸರ್ಕಾರದ ಹಣ ಪಡೆಯುತ್ತಿರಲಿ, ಪಡೆಯದಿರಲಿ, ನಡೆಸುವವರು ಟ್ರಸ್ಟ್ ಆಗಿರಲಿ, ಧಾರ್ಮಿಕ ಸಂಸ್ಥೆಯಾಗಿರಲಿ ಇದರಲ್ಲಿ ವಿನಾಯಿತಿ ಇಲ್ಲ. ನೋಂದಣಿಯ ಅವಧಿ ಐದು ವರ್ಷ, ಆಮೇಲೆ ನವೀಕರಿಸಬೇಕು. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ತಮಿಳುನಾಡಿನ ಅನಾಥಾಶ್ರಮಗಳಲ್ಲಿ ಮಕ್ಕಳ ಶೋಷಣೆ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಶದ ಎಲ್ಲ ಸಂಸ್ಥೆಗಳ ನೋಂದಣಿ 2017ರ ಡಿಸೆಂಬರ್ 31ರೊಳಗೆ ಮುಗಿಯಬೇಕೆಂದು ಆದೇಶಿಸಿತ್ತು.

ಮಗುವನ್ನು ನೇರವಾಗಿ ತಂದು ‘ಆಶ್ರಮಕ್ಕೆ ಬಿಡುವ’ ರೂಢಿ ನಮ್ಮಲ್ಲಿದೆ. ಕಾಯ್ದೆ ಅದನ್ನು ಒಪ್ಪುವುದಿಲ್ಲ. ಇಂಥ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದಕ್ಕೆ ಸೇರುವುದಿಲ್ಲ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗು ಎಲ್ಲಿರಬೇಕೆಂದು ನಿರ್ಧರಿಸುವುದು ಅದೇ. ಸಮಿತಿಯ ಆದೇಶವಿಲ್ಲದೆ ಸಂಸ್ಥೆಯಲ್ಲಿರುವ ಮಗು ಯಾವ ಲೆಕ್ಕದಲ್ಲೂ ಇಲ್ಲದ ಮಗು. ಅದು ಕಾಣೆಯಾದರೂ ಕೇಳುವವರಿರುವುದಿಲ್ಲ.

ಇಲಾಖೆಗಳ ವಿದ್ಯಾರ್ಥಿನಿಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆಶ್ರಮ ಶಾಲೆ, ಮಠಗಳ ಉಚಿತ ಪ್ರಸಾದ ನಿಲಯಗಳ ಆಡಳಿತ ಬೇರೆ ಬಗೆಯದು. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಇವೆಲ್ಲಕ್ಕೂ ಅನ್ವಯಿಸುತ್ತದೆ. ಪಾಲನಾ ಸಂಸ್ಥೆ, ಶಾಲೆ, ಆಸ್ಪತ್ರೆ, ಧಾರ್ಮಿಕ ಸಂಸ್ಥೆಗಳ ಆಡಳಿತದವರು ಅಥವಾ ಸಿಬ್ಬಂದಿ, ಹಾಗೆಯೇ ಪೋಷಕ ಕುಟುಂಬದವರು ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ ಕಾಯ್ದೆ ಅದನ್ನು ಸಾಮಾನ್ಯ ಅಪರಾಧಕ್ಕಿಂತ ಗಂಭೀರವೆಂದು ಎಣಿಸುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 20 ವರ್ಷ ಕಠಿಣ ಶಿಕ್ಷೆಯಿದೆ. ನಂಬಿ ಒಪ್ಪಿಸಿದ ಮಗುವಿಗೆ ಮಾಡಿದ ದ್ರೋಹವೆಂಬ ಕಾರಣಕ್ಕೇ ಶಿಕ್ಷೆ ಇಷ್ಟು ಕಠಿಣ.

ಲೈಂಗಿಕವಲ್ಲದ ಹಿಂಸೆಗೂ ಶಿಕ್ಷೆಯಿದೆ. ಮಗುವಿನ ಪಾಲನೆ ಹೊತ್ತ ಸಂಸ್ಥೆಯವರೇ ಹೊಡೆದರೆ, ಉಪವಾಸ ಕೆಡವಿದರೆ, ನಿರ್ಲಕ್ಷಿಸಿದರೆ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಐದು ಲಕ್ಷದವರೆಗೆ ದಂಡ ವಿಧಿಸಬಹುದು. ಪಾಲನಾ ಸಂಸ್ಥೆಯಲ್ಲಿ ಶಿಸ್ತಿನ ಹೆಸರಲ್ಲಿ ದೈಹಿಕ ದಂಡನೆ ಕೊಡುವುದನ್ನೂ 82ನೇ ಸೆಕ್ಷನ್ ಅಪರಾಧವೆನ್ನುತ್ತದೆ. ‘ಎರಡೇಟು ಬಿದ್ದರೆ ತಾನೇ ಬುದ್ಧಿ ಬರುವುದು’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಒಳ್ಳೆಯ ಸಂಸ್ಥೆಯನ್ನು ಗುರುತಿಸುವುದು

ಗೋಡೆಯ ಬಣ್ಣ, ಸಾಲಾಗಿ ನಿಂತು ಪ್ರಾರ್ಥನೆ ಹೇಳುವ ಮಕ್ಕಳು, ಗಣ್ಯರ ಜೊತೆಗಿನ ಫೋಟೋಗಳು ಸುರಕ್ಷತೆಯ ಸಾಕ್ಷಿಯಲ್ಲ. ಕೆಳಗಿನ ಪ್ರಶ್ನೆಗಳನ್ನು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಸಂಸ್ಥೆ ಅದರಲ್ಲೇ ಅರ್ಧ ಉತ್ತರ ಕೊಟ್ಟಂತೆ.

• ನೋಂದಣಿ ಪ್ರಮಾಣಪತ್ರ ಎಲ್ಲಿದೆ? ಅವಧಿ ಮುಗಿದಿಲ್ಲವೇ? ಎಷ್ಟು ಮಕ್ಕಳಿಗೆ ಅನುಮತಿ, ಈಗ ಎಷ್ಟು ಜನ ಇದ್ದಾರೆ?

• ಪ್ರತಿ ಮಗುವಿಗೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶವಿದೆಯೇ? ಮಗುವಿನ ಓದು, ಆರೋಗ್ಯ, ಮನೆಗೆ ಮರಳುವ ದಾರಿಯನ್ನು ಬರೆದಿಡುವ ವೈಯಕ್ತಿಕ ಪಾಲನಾ ಯೋಜನೆ ಇದೆಯೇ?

• ಅಡುಗೆಯವರು, ಡ್ರೈವರ್, ಕಾವಲುಗಾರರು ಸೇರಿ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯೇ? ಮಕ್ಕಳ ಜೊತೆ ಒಡನಾಡುವ ಎಲ್ಲ ಸಂಸ್ಥೆಗಳೂ ಇದನ್ನು ಆಗಾಗ ಮಾಡಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ.

• ಮಕ್ಕಳ ಸಲಹಾ ಪೆಟ್ಟಿಗೆ ಎಲ್ಲಿದೆ, ಅದರ ಕೀಲಿಕೈ ಯಾರ ಬಳಿ? 2016ರ ಬಾಲನ್ಯಾಯ ಮಾದರಿ ನಿಯಮಗಳ ಪ್ರಕಾರ ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳ ಕೋಣೆಗಳ ಹತ್ತಿರ ಇರಬೇಕು. ಕೀಲಿಕೈ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯವರ ಎದುರಿಗೇ ತೆರೆಯಬೇಕು. ವಾರ್ಡನ್ ಮೇಜಿನ ಪಕ್ಕದಲ್ಲಿಟ್ಟು ಕೀಲಿಕೈ ಅವರ ಜೇಬಿನಲ್ಲಿದ್ದರೆ ಆ ಪೆಟ್ಟಿಗೆಗೆ ಯಾವ ಮಗುವೂ ಚೀಟಿ ಹಾಕುವುದಿಲ್ಲ.

• ಮಕ್ಕಳ ಸಮಿತಿ ಇದೆಯೇ? ಆರು ವರ್ಷ ಮೀರಿದ ಮಕ್ಕಳಿರುವ ಸಂಸ್ಥೆಗಳಲ್ಲಿ ಇದು ಕಡ್ಡಾಯ. ಅದು ಕೊನೆಯದಾಗಿ ಸೇರಿದ್ದು ಯಾವಾಗ, ಮಕ್ಕಳು ಏನು ಕೇಳಿದರು, ಸಂಸ್ಥೆ ಏನು ಮಾಡಿತು?

• ಮಗು ಫೋನಿನಲ್ಲಿ ಮಾತಾಡುವಾಗ ಯಾರೂ ಪಕ್ಕದಲ್ಲಿ ನಿಲ್ಲುವುದಿಲ್ಲವೇ? ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಮಕ್ಕಳ ಕಣ್ಣಿಗೆ ಬೀಳುವ ಕಡೆ ಬರೆದಿದೆಯೇ?

• ಸ್ನಾನದ ಮನೆ, ಶೌಚಾಲಯಗಳಿಗೆ ಒಳಗಿನಿಂದ ಚಿಲಕವಿದೆಯೇ? ಚಿಕ್ಕವರು, ದೊಡ್ಡವರು ಬೇರೆ ಬೇರೆ ಮಲಗುತ್ತಾರೆಯೇ? ಹೆಣ್ಣುಮಕ್ಕಳ ನಿಲಯದಲ್ಲಿ ರಾತ್ರಿ ಮಹಿಳಾ ಸಿಬ್ಬಂದಿ ಇರುತ್ತಾರೆಯೇ?

ಸಿಸಿಟಿವಿ ಇದೆ ಎಂಬ ಉತ್ತರಕ್ಕೆ ಸಮಾಧಾನಪಡಬೇಡಿ. ಗೇಟು, ಕಾರಿಡಾರ್‌ಗಳಿಗೆ ಅದು ಬೇಕು, ನಿಜ. ಆದರೆ ದೌರ್ಜನ್ಯ ನಡೆಯುವುದು ಕ್ಯಾಮೆರಾ ಇಲ್ಲದ ಕಡೆ.

ದಾನಿಗಳು, ಭೇಟಿ ಕೊಡುವವರು

ಮಕ್ಕಳ ಹುಟ್ಟುಹಬ್ಬ, ಹಿರಿಯರ ಪುಣ್ಯತಿಥಿಗೆ ಅನಾಥಾಶ್ರಮದಲ್ಲಿ ಊಟ ಹಾಕಿಸುವುದು ನಮ್ಮಲ್ಲಿ ಒಳ್ಳೆಯ ಮನಸ್ಸಿನ ರೂಢಿ. ಅದನ್ನು ಇನ್ನಷ್ಟು ಹಿತವಾಗಿಸಬಹುದು. ನೋಂದಣಿ ಇರುವ ಸಂಸ್ಥೆಗೇ ಕೊಡಿ. ಊಟದ ಜೊತೆಗೆ ಆಪ್ತ ಸಮಾಲೋಚಕರ ಸಂಬಳ, ರಾತ್ರಿ ಪಾಳಿಯ ಆಯಾ, ಸ್ನಾನದ ಮನೆಯ ಬಾಗಿಲು, ಮಕ್ಕಳ ಫೋನಿನ ಖರ್ಚು ಇಂಥವಕ್ಕೂ ಹಣ ಕೊಡಬಹುದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುವುದು, ಅಪ್ಪ ಅಮ್ಮ ಎಲ್ಲಿ ಎಂದು ಕೇಳುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ. ಅಪರಿಚಿತರು ಬಂದು ಮುಟ್ಟುವುದು ಮಾಮೂಲಿಯಾದರೆ, ‘ಬೇಡ’ ಎನ್ನುವ ಹಕ್ಕು ತನಗಿದೆ ಎಂಬುದನ್ನೇ ಮಗು ಮರೆಯುತ್ತದೆ.

ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಲೇಬೇಡಿ. ಪಾಲನೆಯಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಮಾಧ್ಯಮಗಳಲ್ಲಿ ಬಹಿರಂಗ ಮಾಡುವಂತಿಲ್ಲ ಎಂದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಮಗುವನ್ನು ‘ಒಂದು ದಿನ ಮನೆಗೆ ಕರೆದುಕೊಂಡು ಹೋಗುತ್ತೇವೆ’ ಎಂದಾಗ ಸಂಸ್ಥೆ ತಕ್ಷಣ ಒಪ್ಪಿದರೆ ಸಂತೋಷಪಡಬೇಡಿ. ನಿಮಗೆ ಹಾಗೆ ಕೊಡುವವರು ಯಾರಿಗೂ ಕೊಟ್ಟಾರು.

ಹಾಸ್ಟೆಲಿಗೆ ಮಗುವನ್ನು ಕಳಿಸಿದ ಅಪ್ಪ ಅಮ್ಮಂದಿರಿಗೆ

ಗುಳೆ ಹೋಗುವವರು, ತೋಟದ ಲೈನ್ ಮನೆಗಳಲ್ಲಿ ಇರುವವರು, ಊರಲ್ಲಿ ಹೈಸ್ಕೂಲು ಇಲ್ಲದವರು ಮಗು ಓದಲೆಂದು ಹಾಸ್ಟೆಲಿಗೆ ಸೇರಿಸುತ್ತಾರೆ. ಅನಾಥಾಶ್ರಮ ಎಂಬ ಹೆಸರಿರುವ ಕಡೆಯೂ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಇರುತ್ತಾರೆ. ಸೇರಿಸುವ ಮೊದಲೇ ಮಗುವಿಗೆ ನಾಲ್ಕು ವಿಷಯ ಹೇಳಿಕೊಡಿ: ಒಳ ಉಡುಪು ಮುಚ್ಚುವ ಜಾಗವನ್ನು ಯಾರೂ ಮುಟ್ಟಬಾರದು, ಬೇರೆಯವರದನ್ನು ಮುಟ್ಟಲು ಯಾರೂ ಹೇಳಬಾರದು. ಹಾಗಾದರೆ ತಪ್ಪು ನಿನ್ನದಲ್ಲ. ಯಾರು ಮಾಡಿದರೂ, ಗುರುಗಳೇ ಮಾಡಿದರೂ, ನಮಗೆ ಹೇಳಬಹುದು. ಹೇಳಿದ್ದಕ್ಕೆ ನಿನ್ನ ಓದು ನಿಲ್ಲಿಸುವುದಿಲ್ಲ. ಈ ಕೊನೆಯ ಮಾತು ಬಹಳ ಮುಖ್ಯ. ಓದು ನಿಲ್ಲಿಸಿ ಮದುವೆ ಮಾಡಿಬಿಡುತ್ತಾರೆ ಎಂಬ ಭಯಕ್ಕೇ ಎಷ್ಟೋ ಹುಡುಗಿಯರು ಬಾಯಿ ಬಿಡುವುದಿಲ್ಲ.

ವಾರಕ್ಕೊಮ್ಮೆಯಾದರೂ ಫೋನ್ ಮಾಡಿ. ಫೋನು ಸ್ಪೀಕರ್‌ನಲ್ಲಿದ್ದರೆ ಮಗು ನಿಜ ಹೇಳಲಾರದು. ಅದಕ್ಕೊಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. ‘ಕರಿಯ ಹಸು ಹೇಗಿದೆ’ ಎಂದು ಮಗು ಕೇಳಿದರೆ ‘ಬೇಗ ಬನ್ನಿ’ ಎಂದರ್ಥ, ಅಷ್ಟೇ. ಮುಂಚೆ ತಿಳಿಸದೆ ಒಮ್ಮೊಮ್ಮೆ ಹೋಗಿ ನೋಡಿ. ರಜೆ ಮುಗಿದು ಹೊರಡುವಾಗ ಮಗು ‘ಅಲ್ಲಿಗೆ ಹೋಗಲ್ಲ’ ಎಂದು ಅತ್ತರೆ ಸೋಮಾರಿತನವೆಂದು ಬೈದು ಬಸ್ಸು ಹತ್ತಿಸಬೇಡಿ. ಒಂದು ದಿನ ನಿಲ್ಲಿಸಿಕೊಂಡು ಸಮಾಧಾನದಿಂದ ಕೇಳಿ.

ಪೋಷಕ ಕುಟುಂಬದಲ್ಲಿರುವ ಮಗು

ಸಂಸ್ಥೆಗಿಂತ ಕುಟುಂಬ ಮೇಲು, ಸಂಸ್ಥೆ ಕೊನೆಯ ಆಯ್ಕೆ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲೊಂದು. ಫಾಸ್ಟರ್ ಕೇರ್ ಎಂದು ಕರೆಯುವ ಪೋಷಕತ್ವದಲ್ಲಿ ಮಗು ಸ್ವಂತದ್ದಲ್ಲದ ಕುಟುಂಬದ ಜೊತೆ ಕೆಲವು ತಿಂಗಳೋ ವರ್ಷಗಳೋ ಬೆಳೆಯುತ್ತದೆ. ಇದು ದತ್ತು ಅಲ್ಲ. 2024ರ ಪರಿಷ್ಕೃತ ಮಾದರಿ ಮಾರ್ಗಸೂಚಿಯ ಪ್ರಕಾರ ಒಂಟಿಯಾಗಿರುವವರೂ ಪೋಷಕರಾಗಬಹುದು. ಎರಡು ವರ್ಷ ಚೆನ್ನಾಗಿ ಸಾಕಿದವರು ಮಗು ದತ್ತಿಗೆ ಅರ್ಹವಾಗಿದ್ದರೆ ದತ್ತು ಕೇಳಬಹುದು. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿನ ಪಾಲನೆಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ.

ಕುಟುಂಬದ ಒಳಗಿನದು ಹೊರಗೆ ಕಾಣುವುದು ಸಂಸ್ಥೆಗಿಂತಲೂ ಕಷ್ಟ. ಅದಕ್ಕೇ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಪೋಷಕ ಕುಟುಂಬವನ್ನು ಪ್ರತಿ ತಿಂಗಳೂ ಪರಿಶೀಲಿಸಬೇಕು. ಕೊರತೆ ಕಂಡರೆ ಮಗುವನ್ನು ಅಲ್ಲಿಂದ ತೆಗೆಯಬೇಕು. ಹೆತ್ತವರು ಮಗುವನ್ನು ನೋಡಲು ಹೋಗಬಹುದು, ಸಮಿತಿ ಬೇಡವೆಂದರೆ ಮಾತ್ರ ಇಲ್ಲ. ಒಡಹುಟ್ಟಿದವರನ್ನು ಆದಷ್ಟೂ ಒಟ್ಟಿಗೇ ಇಡಬೇಕು.

ಪೋಷಕರಾಗಲು ಮುಂದೆ ಬರುವವರು ಇದನ್ನೆಲ್ಲ ಅನುಮಾನವೆಂದು ತಿಳಿದು ಬೇಸರಿಸಬಾರದು. ಭೇಟಿಗೆ ಬಂದವರು ಮಗುವಿನ ಜೊತೆ ಒಂಟಿಯಾಗಿ ಮಾತಾಡಲು ನೀವೇ ಅವಕಾಶ ಮಾಡಿಕೊಡಿ. ಮಗುವಿಗೆ ಬೇರೆ ಹಾಸಿಗೆ, ಬಟ್ಟೆ ಬದಲಿಸಲು ಬಾಗಿಲಿರುವ ಜಾಗ ಇರಲಿ. ಮನೆಗೆ ಬರುವ ನೆಂಟರಿಷ್ಟರು, ನಿಮ್ಮದೇ ದೊಡ್ಡ ಮಕ್ಕಳು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ಮನೆಗೆಲಸಕ್ಕೊಂದು ಕೈ ಸಿಕ್ಕಿತು ಎಂದು ಮಗುವನ್ನು ತರುವುದು ಪೋಷಕತ್ವವಲ್ಲ, ಜೀತ.

ನೆರೆಯವರಿಗೂ ಇಲ್ಲಿ ಪಾಲಿದೆ. ಆ ಮನೆಯ ಸ್ವಂತ ಮಕ್ಕಳು ಶಾಲೆಗೆ ಹೋಗುವಾಗ ಪೋಷಣೆಗೆ ಬಂದ ಮಗು ಮಾತ್ರ ಪಾತ್ರೆ ತೊಳೆಯುತ್ತಿದ್ದರೆ, ಯಾರ ಜೊತೆಯೂ ಬೆರೆಯಲು ಬಿಡದಿದ್ದರೆ ಸುಮ್ಮನಿರಬೇಡಿ.

ಗಮನಿಸಬೇಕಾದ ಲಕ್ಷಣಗಳು

ದೇಹದ ಮೇಲೆ ಕಾರಣ ಹೇಳಲಾಗದ ಬಾಸುಂಡೆ, ಸುಟ್ಟ ಗುರುತು. ನಡೆಯಲು, ಕೂರಲು ಕಷ್ಟಪಡುವುದು. ಮೂತ್ರ ಮಾಡುವಾಗ ಉರಿ, ಒಳ ಉಡುಪಿನಲ್ಲಿ ರಕ್ತ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು. ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ಕೇಳಿದರೇ ಮುದುಡುವುದು. ವಯಸ್ಸಿಗೆ ಮೀರಿದ ಲೈಂಗಿಕ ಮಾತು, ಆಟ. ಓದಿನಲ್ಲಿ ಏಕಾಏಕಿ ಹಿಂದೆ ಬೀಳುವುದು, ಕೈ ಕೊಯ್ದುಕೊಳ್ಳುವುದು, ಓಡಿಹೋಗುವುದು. ಎಲ್ಲಿಂದ ಬಂತೆಂದು ಹೇಳದ ಹಣ, ಉಡುಗೊರೆ, ಮೊಬೈಲು.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ದೌರ್ಜನ್ಯ ಆಗಿದೆ ಎಂದಲ್ಲ, ಒಂದೂ ಕಾಣದಿದ್ದರೆ ಆಗಿಲ್ಲವೆಂದೂ ಅಲ್ಲ. ಓಡಿಹೋದ ಮಗುವಿನ ವಿಚಾರದಲ್ಲಂತೂ ಒಂದು ನಿಯಮ ಇಟ್ಟುಕೊಳ್ಳಬೇಕು: ಹಿಡಿದು ಅಲ್ಲಿಗೇ ಮರಳಿ ಬಿಡುವ ಮೊದಲು, ಏಕೆ ಓಡಿತು ಎಂದು ಸಂಸ್ಥೆಯ ಹೊರಗಿನವರೊಬ್ಬರು ಕೇಳಬೇಕು. ಉತ್ತರಪ್ರದೇಶದ ದೇವರಿಯಾದ ಆಶ್ರಯಗೃಹದಲ್ಲಿ ನಡೆಯುತ್ತಿದ್ದದ್ದು 2018ರಲ್ಲಿ ಬೆಳಕಿಗೆ ಬಂದದ್ದು ಅಲ್ಲಿಂದ ತಪ್ಪಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು ಪೊಲೀಸರಿಗೆ ಹೇಳಿದ್ದರಿಂದ.

ಗಂಡುಮಕ್ಕಳನ್ನು ಮರೆಯಬೇಡಿ. ‘ಹುಡುಗರಿಗೇನಾಗುತ್ತೆ’ ಎಂಬ ಮಾತಿನ ಹಿಂದೆ ಎಷ್ಟೋ ಹುಡುಗರ ನೋವು ಅಡಗಿದೆ. ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ ಹುಡುಗಿಯರಿಬ್ಬರಿಗೂ ಒಂದೇ.

ಮಗು ಬಾಯಿಬಿಟ್ಟಾಗ

ಮಕ್ಕಳು ಒಂದೇ ಸಲಕ್ಕೆ ಎಲ್ಲ ಹೇಳುವುದಿಲ್ಲ. ‘ಆ ಅಂಕಲ್ ಸರಿ ಇಲ್ಲ’, ‘ನನ್ನ ಫ್ರೆಂಡ್‌ಗೆ ಹೀಗಾಗಿದೆ’ ಎಂದು ಶುರುಮಾಡಿ ನಿಮ್ಮ ಮುಖ ನೋಡುತ್ತಾರೆ. ಆ ಕ್ಷಣದಲ್ಲಿ ಬೆಚ್ಚಿಬೀಳಬೇಡಿ, ಸಿಟ್ಟಾಗಬೇಡಿ, ಅಳಬೇಡಿ. ಸಮಾಧಾನದಿಂದ ಕೇಳಿಸಿಕೊಳ್ಳಿ.

‘ನೀನು ಹೇಳಿದ್ದು ಒಳ್ಳೇದಾಯ್ತು. ನಾನು ನಿನ್ನನ್ನ ನಂಬ್ತೀನಿ. ನಿನ್ನ ತಪ್ಪು ಏನೂ ಇಲ್ಲ.’ ಇಷ್ಟು ಸಾಕು. ‘ಆಮೇಲೆ ಏನಾಯ್ತು’ ಎಂದು ಕೇಳಬಹುದು. ‘ಅವನು ಹೀಗೆ ಮಾಡಿದನಾ, ಹಾಗೆ ಮಾಡಿದನಾ’ ಎಂದು ಮಾತು ಬಾಯಿಗೆ ತುರುಕಬಾರದು. ಅದು ಮಗುವಿಗೂ ಹಿಂಸೆ, ಮುಂದೆ ನ್ಯಾಯಾಲಯದಲ್ಲೂ ತೊಂದರೆ. ‘ಆಗಲೇ ಯಾಕೆ ಹೇಳಲಿಲ್ಲ’, ‘ನೀನ್ಯಾಕೆ ಅಲ್ಲಿಗೆ ಹೋದೆ’ ಎಂಬ ಪ್ರಶ್ನೆ ಬೇಡವೇ ಬೇಡ.

‘ಯಾರಿಗೂ ಹೇಳಲ್ಲ’ ಎಂದು ಆಣೆ ಮಾಡಬೇಡಿ. ‘ನಿನ್ನನ್ನ ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ’ ಎಂದು ನಿಜವನ್ನೇ ಹೇಳಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ದಿನಾಂಕ, ಸಮಯ ಸಹಿತ ಬರೆದಿಡಿ. ಆರೋಪಿಯನ್ನು ಕರೆಸಿ ಎದುರುಬದುರು ನಿಲ್ಲಿಸಬೇಡಿ. ಘಟನೆ ಈಚಿನದಾದರೆ ಬಟ್ಟೆ ಒಗೆಯಬೇಡಿ, ಒಣಗಿಸಿ ಕಾಗದದ ಚೀಲದಲ್ಲಿಡಿ. ಸಾಧ್ಯವಾದರೆ ಸ್ನಾನಕ್ಕೆ ಮುಂಚೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆಯವರು ಉಚಿತವಾಗಿ ಚಿಕಿತ್ಸೆ ಕೊಡಬೇಕು. ಪೊಲೀಸ್ ಕಾಗದ ತನ್ನಿ ಎಂದು ತಡೆಯುವಂತಿಲ್ಲ.

ದೂರು ಎಲ್ಲಿ, ಹೇಗೆ

ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಮಗುವೇ ಕರೆ ಮಾಡಬಹುದು, ನೀವೂ ಮಾಡಬಹುದು. ತಕ್ಷಣದ ಅಪಾಯವಿದ್ದರೆ 112. ಪ್ರತಿ ಪೊಲೀಸ್ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರನ್ನು ಗೊತ್ತುಮಾಡಿರಬೇಕು, ಅವರನ್ನೇ ಕೇಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿಗಳಿಗೂ ತಿಳಿಸಬಹುದು. ಜಿಲ್ಲೆಯಲ್ಲಿ ಯಾರೂ ಕಿವಿಗೊಡದಿದ್ದರೆ ಜಿಲ್ಲಾಧಿಕಾರಿಗೆ, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ಮುಜಫ್ಫರ್‌ಪುರದಂಥ ಪ್ರಕರಣ ನೆನಪಿದ್ದರೆ, ಒಂದೇ ಕಚೇರಿಗೆ ಹೇಳಿ ಸುಮ್ಮನಾಗದೆ ಎರಡು ಕಡೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಲೇಸು.

ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸುವುದು ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸಾಕ್ಷ್ಯ ಹುಡುಕುವುದು ನಿಮ್ಮ ಕೆಲಸವಲ್ಲ, ಪೊಲೀಸರದು. ಪ್ರಾಮಾಣಿಕವಾಗಿ ಮಾಹಿತಿ ಕೊಟ್ಟವರ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ ಎಂದು ಕಾಯ್ದೆಯೇ ಅಭಯ ಕೊಟ್ಟಿದೆ. ‘ಮಠದ ಮರ್ಯಾದೆ’, ‘ಶಾಲೆಯ ಹೆಸರು’, ‘ಹುಡುಗಿಯ ಮುಂದಿನ ಜೀವನ’ ಎಂದು ಊರ ಹಿರಿಯರು ರಾಜಿ ಮಾಡಿಸಲು ಕೂತರೆ, ಅದಕ್ಕೆ ಕಾನೂನಿನಲ್ಲಿ ಜಾಗವಿಲ್ಲವೆಂದು ಸ್ಪಷ್ಟವಾಗಿ ಹೇಳಿ ಎದ್ದು ಬನ್ನಿ.

ದೂರಿನ ನಂತರ ಮಗುವಿನ ಜೊತೆ ನಿಲ್ಲಿ

ದೂರು ಕೊಟ್ಟ ದಿನವೇ ಮಗುವಿಗೆ ಅತಿ ಕಷ್ಟದ ಕಾಲ ಶುರುವಾಗುತ್ತದೆ. ಆರೋಪಿ ಅದೇ ಕಟ್ಟಡದಲ್ಲಿರಬಹುದು. ಮಗು ಪಾಲನಾ ಸಂಸ್ಥೆಯಲ್ಲಿದ್ದು ಹೆತ್ತವರ ಆಸರೆ ಇಲ್ಲದಿದ್ದರೆ, ಅಥವಾ ಆರೋಪಿಯ ಜೊತೆ ಒಂದೇ ಮನೆಯಲ್ಲಿದ್ದರೆ, ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ಸಮಿತಿ ಮೂರು ದಿನದಲ್ಲಿ ನಿರ್ಧರಿಸಬೇಕು.

ಹೇಳಿಕೆಯನ್ನು ಮಗು ಇರುವಲ್ಲೇ ಅಥವಾ ಅದು ಇಷ್ಟಪಡುವ ಜಾಗದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ, ಆದಷ್ಟೂ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ತನಿಖೆ, ವಿಚಾರಣೆಯುದ್ದಕ್ಕೂ ಜೊತೆಗಿರಲು ಸಮಿತಿಯಿಂದ ಬೆಂಬಲ ವ್ಯಕ್ತಿಯನ್ನು ಕೇಳಿ ಪಡೆಯಿರಿ. ಊಟ, ಬಟ್ಟೆ, ಪ್ರಯಾಣದಂಥ ತುರ್ತು ಅಗತ್ಯಕ್ಕೆ ವಿಶೇಷ ಪರಿಹಾರ, ವಿಶೇಷ ನ್ಯಾಯಾಲಯದಿಂದ ಮಧ್ಯಂತರ ಪರಿಹಾರ ಕೇಳಬಹುದು. ಇವೆಲ್ಲ ತಾವಾಗಿ ಬರುವುದು ಅಪರೂಪ. ಯಾರಾದರೂ ಅರ್ಜಿ ಹಿಡಿದು ಹೋಗಬೇಕು. ಸಂಸ್ಥೆಯಲ್ಲಿರುವ ಮಗುವಿಗೆ ಹಾಗೆ ಹೋಗುವವರು ಇರುವುದಿಲ್ಲ. ಆ ಕೆಲಸವನ್ನು ಶಿಕ್ಷಕಿಯೋ ವಕೀಲರೋ ಸಂಬಂಧಿಯೋ ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಸಂಸ್ಥೆ ನಡೆಸುವವರಿಗೆ

ನಿಮ್ಮಲ್ಲಿ ಬಹಳಷ್ಟು ಜನ ಕಡಿಮೆ ಹಣದಲ್ಲಿ, ಕಡಿಮೆ ಜನರಿಂದ ಕಷ್ಟಪಟ್ಟು ಮಕ್ಕಳನ್ನು ಸಾಕುತ್ತಿದ್ದೀರಿ. ನಿಯಮಗಳು ನಿಮ್ಮ ಸೇವೆಗೆ ಅವಮಾನವಲ್ಲ. ಮಕ್ಕಳ ರಕ್ಷಣಾ ನೀತಿಯನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆದು, ಪ್ರತಿ ಸಿಬ್ಬಂದಿಯಿಂದ ಸಹಿ ಪಡೆಯಿರಿ. ಒಬ್ಬ ದೊಡ್ಡವರು ಒಬ್ಬ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು ಎಂಬ ನಿಯಮ ಮಾಡಿ, ಅದನ್ನು ಮೊದಲು ನೀವೇ ಪಾಲಿಸಿ. ಹೊಸಬರನ್ನು ಸೇರಿಸುವಾಗ ಹಿಂದೆ ಕೆಲಸ ಮಾಡಿದ ಕಡೆಗೆ ಫೋನ್ ಮಾಡಿ, ಏಕೆ ಬಿಟ್ಟರು ಎಂದು ಕೇಳಿ. ಆರೋಪ ಬಂದವರನ್ನು ‘ಸುಮ್ಮನೆ ಬಿಡಿಸಿ ಕಳಿಸಿದರಾಯ್ತು’ ಎಂದುಕೊಳ್ಳಬೇಡಿ. ಅವರು ಇನ್ನೊಂದು ಊರಿನ ಮಕ್ಕಳ ಬಳಿಗೆ ಹೋಗುತ್ತಾರೆ. ದೂರು ಹೇಳಿದ ಮಗುವನ್ನು ಬೇರೆ ಕಡೆ ಸಾಗಿಸಿ ಆರೋಪಿಯನ್ನು ಉಳಿಸಿಕೊಳ್ಳುವುದಂತೂ ಆ ಮಗುವಿಗೆ ಎರಡನೇ ಸಲ ಶಿಕ್ಷೆ ಕೊಟ್ಟಂತೆ.

ನಮ್ಮ ಊರಿನಲ್ಲಿ ಈಗ ಮಾಡಬಹುದಾದದ್ದು

ಮನೆಯಲ್ಲೇ ಉಳಿಯಬಹುದಾದ ಮಗು ಬಡತನಕ್ಕಾಗಿ ಸಂಸ್ಥೆ ಸೇರದಂತೆ ನೋಡಿಕೊಳ್ಳುವುದೇ ಮೊದಲ ರಕ್ಷಣೆ. ತಂದೆಯಿಲ್ಲದ, ಹೆತ್ತವರು ಕಾಯಿಲೆ ಬಿದ್ದ ಮಕ್ಕಳನ್ನು ಮನೆಯಲ್ಲೇ ಸಾಕಲು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿಯೂ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆದುಕೊಡಿ.

ನಿಮ್ಮ ಜಿಲ್ಲೆಯ ಪಾಲನಾ ಸಂಸ್ಥೆಗಳ ತಪಾಸಣೆ ನಡೆಯುತ್ತಿದೆಯೇ ಎಂದು ಕೇಳಿ. ತಪಾಸಣಾ ಸಮಿತಿಯ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ, ಮೂರು ತಿಂಗಳಿಗೊಮ್ಮೆ ಹೋಗಿ, ವಾರದೊಳಗೆ ವರದಿ ಕೊಡಬೇಕೆಂದು ಬಾಲನ್ಯಾಯ ಕಾಯ್ದೆಯ 54ನೇ ಸೆಕ್ಷನ್ ಹೇಳುತ್ತದೆ. ಮಕ್ಕಳ ಕಲ್ಯಾಣ ಸಮಿತಿಯೂ ತಿಂಗಳಿಗೆ ಕನಿಷ್ಠ ಎರಡು ತಪಾಸಣಾ ಭೇಟಿ ಕೊಡಬೇಕು. ಕಳೆದ ವರ್ಷ ಎಷ್ಟು ಭೇಟಿ ನಡೆದವು, ಎಷ್ಟು ಮಕ್ಕಳ ಜೊತೆ ಒಂಟಿಯಾಗಿ ಮಾತಾಡಲಾಯಿತು, ಕಂಡ ಕೊರತೆಗಳನ್ನು ಸರಿಪಡಿಸಲಾಯಿತೇ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಮಕ್ಕಳ ಹೆಸರು ಕೇಳಬೇಡಿ, ಲೆಕ್ಕ ಮಾತ್ರ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರವನ್ನು ಗ್ರಾಮಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ, ಸ್ಥಳೀಯ ಪತ್ರಿಕೆಯಲ್ಲಿ ಚರ್ಚೆಗೆ ತನ್ನಿ. ಹೊರಗಿನವರು ಲೆಕ್ಕ ಕೇಳುತ್ತಾರೆಂದು ಗೊತ್ತಿರುವ ಕಡೆ ತಪಾಸಣೆ ಕಾಗದದಲ್ಲೇ ಮುಗಿಯುವುದಿಲ್ಲ. ಒಳಗಿನ ಮಕ್ಕಳ ಜೊತೆ ಯಾರಾದರೂ ಕೂತು ಮಾತಾಡಲೇಬೇಕಾಗುತ್ತದೆ.